ನಿಮಗಿದು ಗೊತ್ತೇ? ಉಕ್ಕನ್ನೇ ಕೊಯ್ಯುವ ಉಕ್ಕು

• ಚನ್ನಗಿರಿಯ ಅಡಿಕೆ ತೋಟದ ಕತ್ತಿಗೂ ಹೊನ್ನಾಳಿಯ ಗದ್ದೆಯ ಕುಡುಗೋಲಿಗೂ ಗಡಸುತನ ಕೊಡುವುದು ಇಂಗಾಲ. ಮನೆ ಕಟ್ಟುವ ಸರಳಿನಲ್ಲಿ ಅದು ಹೆಚ್ಚೆಂದರೆ ಶೇ 0.3. ಉಪಕರಣಗಳಿಗೆಂದೇ ತಯಾರಾಗುವ ಟೂಲ್ ಸ್ಟೀಲ್‌ಗಳಲ್ಲಿ ಬಹುಪಾಲು ಶೇ 0.5ರಿಂದ 1.5.

• ಅಂಥ ಉಕ್ಕು ಚನ್ನಗಿರಿಯ ನೆರೆಯಲ್ಲೇ ತಯಾರಾಗಿದೆ. ಭದ್ರಾವತಿಯ ಕಾರ್ಖಾನೆಯಲ್ಲಿ ಕಬ್ಬಿಣ ಮೊದಲು ಹರಿದದ್ದು 1923ರಲ್ಲಿ, ಕೆಮ್ಮಣ್ಣುಗುಂಡಿಯ ಅದಿರು ಮತ್ತು ಕಾಡಿನ ಇದ್ದಿಲಿನಿಂದ. ಮುಂದೆ ಅದು ಮಿಶ್ರಲೋಹದ ವಿಶೇಷ ಉಕ್ಕಿಗೆ ಹೆಸರಾಯಿತು, 1998ರಲ್ಲಿ ಭಾರತೀಯ ಉಕ್ಕು ಪ್ರಾಧಿಕಾರದಲ್ಲಿ (ಸೈಲ್) ವಿಲೀನವಾಯಿತು. ಚನ್ನಗಿರಿ, ಹೊನ್ನಾಳಿಗಳೂ 1997ರವರೆಗೆ ಭದ್ರಾವತಿ ಇರುವ ಶಿವಮೊಗ್ಗ ಜಿಲ್ಲೆಯಲ್ಲೇ ಇದ್ದವು.

• ಎರಕ ಹೊಯ್ದ ಉಕ್ಕನ್ನು ಮತ್ತೆ ಬಡಿಯುವುದೇಕೆ? ಆಕಾರಕ್ಕಾಗಿ ಮಾತ್ರವಲ್ಲ. ಎರಕ ಆರುವಾಗ ಇಂಗಾಲ ಲೋಹದೊಂದಿಗೆ ಕೂಡಿದ ಗಟ್ಟಿ ಕಾರ್ಬೈಡ್‌ಗಳು ಬಲೆಯಂತೆ ಹೆಣೆದುಕೊಳ್ಳುತ್ತವೆ, ಒಳಗೆ ಸಣ್ಣ ಟೊಳ್ಳುಗಳೂ ಉಳಿಯುತ್ತವೆ. ಸುತ್ತಿಗೆ ಆ ಬಲೆಯನ್ನು ಹರಿದು ಚದುರಿಸುತ್ತದೆ, ಟೊಳ್ಳನ್ನು ಮುಚ್ಚುತ್ತದೆ, ಕಣಗಳನ್ನು ನಯಗೊಳಿಸುತ್ತದೆ. ಸುಮಾರು ಶೇ 12 ಕ್ರೋಮಿಯಂ ಇರುವ ಡಿ2 ಉಕ್ಕಿಗಂತೂ ಬಹಳ ತಾಳ್ಮೆ ಬೇಕು. ಕಾವು 900 ಡಿಗ್ರಿಗಿಂತ ಇಳಿದ ಮೇಲೆ ಬಡಿದರೆ ಬಿರುಕು ಬಿಡುತ್ತದೆ, ಹಾಗಾಗಿ ಮತ್ತೆ ಮತ್ತೆ ಕುಲುಮೆಗೆ ಹಾಕಬೇಕು. ಬಡಿದು ಮುಗಿದರೂ ಬಯಲಿಗೆ ಬಿಡುವಂತಿಲ್ಲ. ಗಾಳಿಗೇ ಗಡಸಾಗುವ ಜಾತಿ ಅದು. ಬೂದಿಯಲ್ಲೋ ಸುಣ್ಣದಲ್ಲೋ ಹೂತಿಟ್ಟು ನಿಧಾನ ಆರಿಸಬೇಕು.

• ಕಾದ ಉಕ್ಕಿಗೆ ಸುಮಾರು 770 ಡಿಗ್ರಿಯಲ್ಲಿ ಅಯಸ್ಕಾಂತ ಅಂಟುವುದಿಲ್ಲ. ಥರ್ಮಾಮೀಟರ್ ಇಲ್ಲದ ಕುಲುಮೆಗಳಲ್ಲಿ ಕಾವು ಅಳೆಯಲು ಇದೂ ಒಂದು ಆಧಾರ.

• ಕೆಂಪಗೆ ಕಾಯಿಸಿ ನೀರಿಗೋ ಎಣ್ಣೆಗೋ ಅದ್ದಿದ ಉಕ್ಕು ಗಾಜಿನಂತೆ ಒಡೆಯಬಲ್ಲದು. ಮತ್ತೆ ಹಗುರವಾಗಿ ಕಾಯಿಸಿದಾಗಲೇ ಹದ. ಆಗ ಮೇಲ್ಮೈಯಲ್ಲಿ ಬಣ್ಣ ಮೂಡುತ್ತದೆ: 220 ಡಿಗ್ರಿಯ ಆಸುಪಾಸು ಹುಲ್ಲಿನ ಹಳದಿ, 300ರ ಸುಮಾರಿಗೆ ನೀಲಿ. ಹಳದಿಯಲ್ಲಿ ನಿಲ್ಲಿಸಿದರೆ ಚಾಕುವಿನ ಬಾಯಿ, ನೀಲಿಗೆ ಬಂದರೆ ಸ್ಪ್ರಿಂಗ್. ಬಣ್ಣ ನೋಡಿ ಹದ ಹೇಳಬಲ್ಲ ಕಮ್ಮಾರನ ಕಣ್ಣು ಯಾವ ಯಂತ್ರಕ್ಕೂ ಕಡಿಮೆಯಲ್ಲ.

• ಲಾರಿಯ ಹಳೆ ಸ್ಪ್ರಿಂಗ್ ಪಟ್ಟಿಯಿಂದ ಮಚ್ಚು ಬಡಿಸುತ್ತಾರಲ್ಲ, ಅದು ಸರಿಯಾದ ಆಯ್ಕೆಯೇ. ಅದರಲ್ಲಿ ಇಂಗಾಲ ಶೇ 0.5-0.6 ಇರುತ್ತದೆ.

• ನ್ಯಾಮತಿಯ ವೆಲ್ಡಿಂಗ್ ಶಾಪ್‌ನ ಡ್ರಿಲ್ ಬಿಟ್ ಕೆಂಡದ ಬಣ್ಣಕ್ಕೆ ತಿರುಗುವ ಹಂತದಲ್ಲೂ ಕಬ್ಬಿಣ ಕೊರೆಯಬಲ್ಲದು. ಅದು ಹೈಸ್ಪೀಡ್ ಸ್ಟೀಲ್. 1900ರ ಪ್ಯಾರಿಸ್ ಪ್ರದರ್ಶನದಲ್ಲಿ ಜಗತ್ತು ಅದನ್ನು ಕಂಡಿತು. ಹಳೆಯ ಪ್ರಸಿದ್ಧ ಬಗೆಯಲ್ಲಿ ಶೇ 18 ಟಂಗ್‌ಸ್ಟನ್, 4 ಕ್ರೋಮಿಯಂ, 1 ವನೇಡಿಯಂ.

• ಜಗಳೂರಿನ ಬರಡು ನೆಲದಲ್ಲಿ ಬಂಡೆ ಸೀಳಿ ಇಳಿಯುವ ಬೋರ್‌ವೆಲ್ ಬಿಟ್‌ನ ಒಡಲು ಬಡಿದು ಮಾಡಿದ ಮಿಶ್ರಲೋಹದ ಉಕ್ಕು, ಮುಖದ ಗುಂಡಿಗಳು ಟಂಗ್‌ಸ್ಟನ್ ಕಾರ್ಬೈಡ್. ಗುಂಡಿ ಸವೆತ ತಡೆಯುತ್ತದೆ, ಒಡಲು ಹೊಡೆತ ತಾಳುತ್ತದೆ.

• ಅಲ್ಯೂಮಿನಿಯಂ ಕಿಟಕಿಯ ಚೌಕಟ್ಟು ಹೊರಬರುವುದು ಎಚ್13 ಉಕ್ಕಿನ ಅಚ್ಚಿನಿಂದ. 450-500 ಡಿಗ್ರಿ ಕಾವಿನಲ್ಲೂ ಅಚ್ಚು ಮೆತ್ತಗಾಗುವುದಿಲ್ಲ.

• ದಕ್ಷಿಣ ಭಾರತದ ಮೂಸೆಯ ಉಕ್ಕಿನಲ್ಲಿ ಇಂಗಾಲ ಶೇ 1ಕ್ಕೂ ಹೆಚ್ಚು. ಭಾರತದ ಈ ಉಕ್ಕಿನ ಗುಟ್ಟು ಹುಡುಕುತ್ತ ಮೈಕೆಲ್ ಫ್ಯಾರಡೆ 1819ರಲ್ಲಿ ಅದರ ವಿಶ್ಲೇಷಣೆ ಪ್ರಕಟಿಸಿದ.

• ಕತ್ತಿ, ಮಚ್ಚನ್ನು ಗ್ರೈಂಡರಿಗೆ ಹಿಡಿಯುವಾಗ ಆಗಾಗ ನೀರಿಗೆ ಅದ್ದಿ. ಬಾಯಿ ನೀಲಿಗೆ ತಿರುಗಿದರೆ ಆ ಭಾಗದ ಹದ ಹೋಯಿತೆಂದೇ ತಿಳಿಯಿರಿ. ಅಷ್ಟನ್ನೂ ಸವೆಸಿ ತೆಗೆಯಬೇಕು, ಇಲ್ಲವೇ ಕಮ್ಮಾರರ ಹತ್ತಿರ ಹೊಸದಾಗಿ ಹದ ಹಾಕಿಸಬೇಕು.