ಪಿಕಪ್ ಗಾಡಿಯ ಹಿಂದಿನ ಬ್ರೇಕು

ಕಲಾ ವಿಭಾಗದ ವಿದ್ಯಾರ್ಥಿಯೊಬ್ಬನು ಮೋಟಾರು ಗಾಡಿಯ ಬ್ರೇಕಿನ ವಿಷಯ ಬರೆಯಹೊರಟಿರುವುದನ್ನು ಕಂಡು ವಾಚಕರಿಗೆ ನಗು ಬಂದೀತು. ನನಗೂ ಈ ತಿಳಿವಳಿಕೆ ತರಗತಿಯಲ್ಲಿ ದೊರೆತುದಲ್ಲ. ಕತ್ತಲಗೆರೆಯ ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗ. ನನ್ನ ಶುಲ್ಕ, ಪುಸ್ತಕ, ಬಸ್ಸಿನ ಪಾಸು ಎಲ್ಲವೂ ಅಣ್ಣನ ಪಿಕಪ್ ಗಾಡಿಯ ಬಾಡಿಗೆಯಿಂದಲೇ ಬರಬೇಕು. ಆ ಗಾಡಿ ಒಂದು ಸಂಜೆ ಭದ್ರಾ ನಾಲೆಯ ಅಂಚಿನಲ್ಲಿ ಅಡ್ಡಲಾಗಿ ತಿರುಗಿ ನಿಂತಿತು. ಹಾಗೇಕಾಯಿತೆಂದು ವಿಚಾರಿಸುತ್ತ ಹೋದಾಗ ತಿಳಿದುಬಂದುದನ್ನು ಇಲ್ಲಿ ನಿವೇದಿಸುತ್ತೇನೆ.

ನಮ್ಮದು ಭತ್ತ, ಅಡಿಕೆಗಳ ಸೀಮೆ. ಸುಗ್ಗಿಯಲ್ಲಿ ಭಾರ ಹೆಚ್ಚಾಗಿ ಗಾಡಿಯ ಹಿಂಭಾಗ ಕುಸಿಯುತ್ತಿತ್ತು. ಅಣ್ಣನು ಹಿಂದಿನ ಎರಡು ಕಮಾನುಗಳಿಗೂ ಒಂದೊಂದು ಪಟ್ಟಿಯನ್ನು ಹೆಚ್ಚಾಗಿ ಹಾಕಿಸಿದನು. ಗಾಡಿ ಎತ್ತರವಾಗಿ ನಿಂತಿತು. ಆದರೆ ಕೆಲವು ದಿನಗಳಲ್ಲಿಯೇ, "ಲೋಡಿದ್ದಾಗ ಗಾಡಿ ಮೊದಲಿನಂಗೆ ನಿಲ್ತಾ ಇಲ್ಲ ಕಣೋ. ಹಿಂದಿನ ಬ್ರೇಕು ದೊಡ್ಡದು ಮಾಡಿಸ್ಬೇಕು" ಎಂದು ಹೇಳತೊಡಗಿದನು. ಡ್ರಮ್ಮು ತೆಗೆದು ಡಿಸ್ಕು ಹಾಕಿಸುವ ಮಾತೂ ಬಂದಿತು, ಅಷ್ಟು ಹಣವಿರಲಿಲ್ಲ. ಗ್ಯಾರೇಜೊಂದರಲ್ಲಿ ಹಿಂದಿನ ಅಚ್ಚಿನ ಬಳಿಯಿದ್ದ ಒಂದು ಸಣ್ಣ ಸನ್ನೆಯನ್ನು ತಂತಿಯಿಂದ ಎತ್ತಿ ಕಟ್ಟಿ, "ಇನ್ಮೇಲೆ ಫುಲ್ ಹಿಡಿತೈತೆ ನೋಡಣ್ಣ" ಎಂದರು. ಭಾರವಿದ್ದಾಗ ನಿಜಕ್ಕೂ ಹಿಡಿಯಿತು. ದಾವಣಗೆರೆಯಲ್ಲಿ ಭತ್ತ ಇಳಿಸಿ ಖಾಲಿ ಗಾಡಿಯಲ್ಲಿ ಬರುವಾಗ ಮಳೆ ಹನಿಯುತ್ತಿತ್ತು. ಎಮ್ಮೆಯೊಂದು ಅಡ್ಡ ಬಂತೆಂದು ಅಣ್ಣ ಬ್ರೇಕು ಒತ್ತಿದನು. ಹಿಂದಿನ ಗಾಲಿಗಳು ಕಚ್ಚಿಕೊಂಡು ಗಾಡಿಯ ಬಾಲ ನಾಲೆಯ ಕಡೆಗೆ ಸುತ್ತಿತು. ದೇವರ ದಯದಿಂದ ಯಾರಿಗೂ ಏನೂ ಆಗಲಿಲ್ಲ.

ಬ್ರೇಕಿನ ಕೆಲಸವೆಂದರೆ ಓಟವನ್ನು ಶಾಖವನ್ನಾಗಿ ಮಾರ್ಪಡಿಸುವುದು. 3 ಟನ್ ತೂಕದ ಗಾಡಿ ಗಂಟೆಗೆ 60 ಕಿಲೋಮೀಟರ್ ವೇಗದಿಂದ ನಿಂತರೆ ಸುಮಾರು 4 ಲಕ್ಷ ಜೌಲುಗಳಷ್ಟು ಶಾಖ ಹುಟ್ಟುತ್ತದೆ. ಒಂದು ಲೀಟರಿಗೂ ಹೆಚ್ಚು ತಣ್ಣೀರನ್ನು ಕುದಿಯುವ ಹಂತಕ್ಕೆ ತರಲು ಅಷ್ಟು ಸಾಕು. ವೇಗ ಎರಡರಷ್ಟಾದರೆ ಶಾಖ ನಾಲ್ಕರಷ್ಟಾಗುತ್ತದೆ. ಇದೇ ಗಾಡಿ ಘಟ್ಟದಲ್ಲಿ 100 ಮೀಟರ್ ಆಳಕ್ಕೆ ಬರಿಯ ಬ್ರೇಕಿನ ಬಲದಿಂದ ಇಳಿದರೆ, ಅಂತಹ ಏಳು ನಿಲುಗಡೆಗಳ ಶಾಖ ಡ್ರಮ್ಮುಗಳಲ್ಲಿ ಕೂಡಿಕೊಳ್ಳುತ್ತದೆ. ಆಗುಂಬೆಯಂತಹ ಕಡೆ ಕೆಳಗಿನ ಗೇರಿನಲ್ಲಿ, ಎಂಜಿನ್ನಿನ ತಡೆಯಲ್ಲಿ ಇಳಿಯಬೇಕೆಂದು ಅನುಭವಿಗಳು ಹೇಳುವುದು ಇದಕ್ಕಾಗಿಯೇ.

ನಮ್ಮ ಕಡೆಯ ಪಿಕಪ್ ಗಾಡಿಗಳಿಗೆ ಸಾಮಾನ್ಯವಾಗಿ ಮುಂದೆ ಡಿಸ್ಕು, ಹಿಂದೆ ಡ್ರಮ್ಮು. ಇವೆರಡೂ ಹಳೆಯ ಉಪಾಯಗಳೇ. ಇಂಗ್ಲೆಂಡಿನ ಲ್ಯಾಂಚೆಸ್ಟರನು ಡಿಸ್ಕಿಗೆ ಹಕ್ಕುಪತ್ರ ಪಡೆದುದೂ ಫ್ರಾನ್ಸಿನ ಲೂಯಿ ರೆನೋ ಡ್ರಮ್ಮನ್ನು ರೂಪಿಸಿದುದೂ 1902ರಲ್ಲಿ. ಹಾಗಾದರೆ ಹಿಂದಿನ ಬ್ರೇಕನ್ನು ಮುಂದಿನದಕ್ಕಿಂತ ಸೌಮ್ಯವಾಗಿಡುವುದೇಕೆ? ಬಸ್ಸು ತಟ್ಟನೆ ನಿಂತಾಗ ನಾವು ಮುಂದಕ್ಕೆ ಬಾಗುತ್ತೇವಷ್ಟೆ. ಹಾಗೆಯೇ ಗಾಡಿಯ ಭಾರವೂ ಮುಂದಿನ ಗಾಲಿಗಳ ಮೇಲೆ ಬೀಳುತ್ತದೆ, ಹಿಂದಿನವು ಹಗುರವಾಗುತ್ತವೆ. ಹಗುರವಾದ ಗಾಲಿಯನ್ನು ಬಲವಾಗಿ ಹಿಡಿದರೆ ಅದು ಉರುಳದೆ ಜಾರುತ್ತದೆ. ಜಾರುವ ಗಾಲಿಗೆ ಪಕ್ಕದ ಹಿಡಿತವಿರುವುದಿಲ್ಲ. ಗಾಡಿಯ ಹಿಂಭಾಗ ಮುಂಭಾಗವನ್ನು ಹಿಂದೆ ಹಾಕಲು ನೋಡುತ್ತದೆ.

ಆದರೆ ಭಾರ ತುಂಬಿದಾಗ ಹಿಂದಿನ ಗಾಲಿಗಳಿಗೂ ಹೆಚ್ಚು ಬ್ರೇಕು ಬೇಕಲ್ಲವೆ? ಅದಕ್ಕಾಗಿ ಅನೇಕ ಗಾಡಿಗಳಲ್ಲಿ ಒಂದು ವಾಲ್ವ್ ಇರುತ್ತದೆ. ಅದರ ಸನ್ನೆ ಚಾಸಿಗೂ ಹಿಂದಿನ ಅಚ್ಚಿಗೂ ಸೇರಿಕೊಂಡಿರುತ್ತದೆ. ಭಾರಕ್ಕೆ ಕಮಾನು ಕುಸಿದು ಇವೆರಡರ ನಡುವಿನ ಅಂತರ ಕಡಮೆಯಾದಂತೆ ವಾಲ್ವು ಹಿಂದಕ್ಕೆ ಹೆಚ್ಚು ಒತ್ತಡವನ್ನು ಬಿಡುತ್ತದೆ. ಅಣ್ಣ ಹೆಚ್ಚಿನ ಪಟ್ಟಿ ಹಾಕಿಸಿದಾಗ ಕಮಾನು ಬಾಗಲಿಲ್ಲ. ಗಾಡಿ ಖಾಲಿಯಿದೆಯೆಂದೇ ವಾಲ್ವು ಮೋಸಹೋಯಿತು. ಸನ್ನೆಯನ್ನು ಕಟ್ಟಿದ ಮೇಲೆ, ಗಾಡಿ ಖಾಲಿಯಿದ್ದರೂ ತುಂಬಿದೆಯೆಂದು ಮೋಸಹೋಯಿತು. ಮೊದಲನೆಯ ತಪ್ಪನ್ನು ಎರಡನೆಯ ತಪ್ಪಿನಿಂದ ತಿದ್ದಹೋಗಿದ್ದೆವು.

ಹಿಂದಿನ ಬ್ರೇಕನ್ನು ಉತ್ತಮಪಡಿಸಬೇಕೆನ್ನುವವರು ಮೊದಲು ಇರುವುದನ್ನು ಸರಿಪಡಿಸಬೇಕು. ಲೈನರು ಸವೆದಿದೆಯೇ, ಡ್ರಮ್ಮು ಅಳತೆ ಮೀರಿ ತೇದಿದೆಯೇ, ವೀಲ್ ಸಿಲಿಂಡರಿನಿಂದಾಗಲಿ ಅಚ್ಚಿನ ಸೀಲಿನಿಂದಾಗಲಿ ಎಣ್ಣೆ ಸೋರಿ ಲೈನರು ನೆನೆದಿದೆಯೇ ಎಂಬುದನ್ನು ನೋಡಬೇಕು. ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರಿಕೊಳ್ಳುವ ವಸ್ತು. ಡಾಟ್ 3 ಎಂಬ ದರ್ಜೆಯದು ಹೊಸದಾಗಿದ್ದಾಗ 205 ಡಿಗ್ರಿ ಸೆಲ್ಸಿಯಸ್‌ವರೆಗಾದರೂ ಕುದಿಯಬಾರದು. ತೇವ ಹೀರಿದ ಮೇಲೆ ಆ ಮಿತಿ 140ಕ್ಕೆ ಇಳಿಯುತ್ತದೆ. ಕುದಿದು ಆವಿಯಾದರೆ ಪೆಡಲು ನೆಲ ಮುಟ್ಟಿದರೂ ಗಾಡಿ ನಿಲ್ಲದು. ಆದುದರಿಂದ ಕಾಲಕಾಲಕ್ಕೆ ಅದನ್ನು ಬದಲಾಯಿಸಬೇಕು.

ದೊಡ್ಡ ಸಿಲಿಂಡರು ಹಾಕುವುದು ಸುಲಭವೆಂದು ತೋರುತ್ತದೆ. ಅದರ ವ್ಯಾಸ ನೂರಕ್ಕೆ 10 ಹೆಚ್ಚಿದರೆ ಬಲ ನೂರಕ್ಕೆ 21 ಹೆಚ್ಚುತ್ತದೆ. ಜೊತೆಗೆ ಪೆಡಲು ಇನ್ನೂ ಕೆಳಗೆ ಹೋಗುತ್ತದೆ, ಮುಂದು ಹಿಂದಿನ ಸಮತೋಲವೂ ಕೆಡುತ್ತದೆ. ಡಿಸ್ಕು ಬೇಗ ತಣಿಯುವುದೇನೋ ನಿಜ. ಆದರೆ ಡ್ರಮ್ಮಿನ ಶೂ ತಿರುಗುವ ರಭಸಕ್ಕೆ ತಾನಾಗಿ ಬಿಗಿಯುವಂತೆ ಡಿಸ್ಕು ಬಿಗಿಯುವುದಿಲ್ಲ. ಹ್ಯಾಂಡ್ ಬ್ರೇಕಿಗೂ ಬೇರೆ ಏರ್ಪಾಡು ಬೇಕು. ಇದಲ್ಲದೆ 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮು ಗಾಡಿಯ ಮೂಲರಚನೆಯನ್ನು ಮಾರ್ಪಡಿಸುವುದಕ್ಕೆ ನಿರ್ಬಂಧಗಳನ್ನು ಹಾಕಿದೆ.

ನಾವು ಮಾಡಿದುದು ಇಷ್ಟೆ: ಹೆಚ್ಚಿನ ಪಟ್ಟಿಗಳನ್ನು ತೆಗೆಸಿದೆವು, ತಂತಿ ಬಿಚ್ಚಿ ವಾಲ್ವನ್ನು ಮೊದಲಿನಂತೆ ಹೊಂದಿಸಿದೆವು, ಹೊಸ ಲೈನರು, ಹೊಸ ಆಯಿಲ್ ಹಾಕಿಸಿದೆವು. ಈಗ ಅಣ್ಣ ಒಂದೇ ಸಲಕ್ಕೆ ಒಯ್ಯುತ್ತಿದ್ದುದನ್ನು ಎರಡು ಸಲ ಒಯ್ಯುತ್ತಾನೆ. ಡೀಸೆಲ್ಲಿನ ಖರ್ಚು ಏರಿತು, ಉಳಿತಾಯ ಇಳಿಯಿತು. ಆದರೂ ಗಾಡಿ ಬರುವುದು ತಡವಾದ ರಾತ್ರಿಗಳಲ್ಲಿ ಅವ್ವ ಈಗ ಬಾಗಿಲಲ್ಲಿ ನಿಂತು ಕಾಯುವುದಿಲ್ಲ. ನಮ್ಮ ಕಾಲೇಜಿನಲ್ಲಿ ಗಾಡಿ ನಡೆಸುವವರ ಮಕ್ಕಳು, ತಮ್ಮಂದಿರು ಅನೇಕರಿದ್ದಾರೆ. ಅವರು ಒಂದು ದಿನ ಬಗ್ಗಿ ತಮ್ಮ ಗಾಡಿಯ ಹಿಂದಿನ ಅಚ್ಚಿನ ಬಳಿ ನೋಡಲಿ. ಅಲ್ಲಿ ತಂತಿ ಕಟ್ಟಿದ್ದರೆ ಮನೆಯವರಿಗೆ ತಿಳಿಸಿ ಬಿಚ್ಚಿಸಲಿ ಎಂಬುದೇ ನನ್ನ ಬಿನ್ನಹ.

— ಅಂತಿಮ ಬಿ.ಎ. ವಿದ್ಯಾರ್ಥಿ, ಕತ್ತಲಗೆರೆ