ರೌಟರಿನ ಹೊಟ್ಟೆಯೊಳಗೊಂದು ಹಳೇ ಫೋನು

ಮೇ ತಿಂಗಳ ಒಂದು ಸಂಜೆ, ತೀರ್ಥಹಳ್ಳಿ ಕಡೆಯ ನಮ್ಮ ಚಿಕ್ಕಮ್ಮನ ಮನೆಯಲ್ಲಿ ಗುಡುಗಿನ ಮೊದಲ ಸದ್ದಿಗೇ ಕರೆಂಟು ಹೋಯಿತು, ಬಂತು, ಮತ್ತೆ ಹೋಗಿ ಬಂತು. ಇಂಟರ್‌ನೆಟ್ ಮಾತ್ರ ಬರಲಿಲ್ಲ. ಚಿಕ್ಕಪ್ಪ ಯಾರದೋ ಮಾತು ಕೇಳಿ ರೌಟರಿನ ಬೆನ್ನಲ್ಲಿರುವ ಸಣ್ಣ ತೂತಿಗೆ ಸೇಫ್ಟಿ ಪಿನ್ನು ಚುಚ್ಚಿ ಹತ್ತು ಎಣಿಸಿದರು. ಮರುದಿನ ಚಿಕ್ಕಮ್ಮ ಗುಡ್ಡ ಹತ್ತಿ, ಮೊಬೈಲಿಗೆ ಸಿಗ್ನಲ್ ಹಿಡಿದು ನನಗೆ ಫೋನು ಮಾಡಿದರು. "ದೀಪ ಎಲ್ಲಾ ಉರೀತಾವೆ ಮಾರಾಯ, ಒಂದು ಮಾತ್ರ ಹತ್ತೋದೇ ಇಲ್ಲ. ಭಾನುವಾರ ಪುಟ್ಟ ವಿಡಿಯೋ ಕಾಲ್ ಮಾಡ್ತಾನೆ. ಅಷ್ಟರೊಳಗೆ ಬಂದು ನೋಡಿ ಹೋಗೋ."

ಆ ತೂತಿನೊಳಗಿನ ಗುಂಡಿಯನ್ನು ಹತ್ತು ಸೆಕೆಂಡು ಒತ್ತಿ ಹಿಡಿದರೆ ರೌಟರು ಕಾರ್ಖಾನೆಯಿಂದ ಹೊರಬಿದ್ದ ದಿನದ ಸ್ಥಿತಿಗೆ ಮರಳುತ್ತದೆ. ವೈಫೈ ಹೆಸರು, ಪಾಸ್‌ವರ್ಡು, ಹೊರಲೋಕಕ್ಕೆ ದಾರಿ ಯಾವುದು ಎಂಬ ನೆನಪು ಎಲ್ಲವೂ ಅಳಿಸಿಹೋಗುತ್ತವೆ. ಅಲ್ಲಿಯವರೆಗೆ ಇದ್ದ ತೊಂದರೆ ಬಹುಶಃ ತಾನಾಗಿಯೇ ಸರಿಹೋಗುವಂಥದ್ದು. ಪಿನ್ನು ಚುಚ್ಚಿದ ಮೇಲೆ ಅದು ನನ್ನ ಪಾಲಿನ ಕೆಲಸವಾಯಿತು.

ಹೋದವನು ಮೊದಲು ನೋಡಿದ್ದು, ಕೇಬಲ್ಲಿನಿಂದ ಬೆಳಕು ಬಾರದಿದ್ದಾಗ ಮಾತ್ರ ಹತ್ತುವ ಕೆಂಪು ದೀಪವನ್ನು. ಅದು ಉರಿಯುತ್ತಿರಲಿಲ್ಲ, ಅಂದರೆ ಬೆಳಕು ಮನೆಯವರೆಗೆ ಬರುತ್ತಿದೆ. ಇಲ್ಲಿ ಬೆಳಕು ಅನ್ನುವುದು ಉಪಮೆಯಲ್ಲ. ಕರೆಂಟು ಕಂಬ, ಅಡಿಕೆ ಮರ, ಕೊಟ್ಟಿಗೆಯ ಮಾಡು ದಾಟಿ ಬರುವ ಆ ಕಪ್ಪು ಕೇಬಲ್ಲಿನೊಳಗೆ ತಲೆಗೂದಲಿನಷ್ಟು ಸಣ್ಣ ಗಾಜಿನ ಎಳೆಯಿದೆ. ಆ ಒಂದೇ ಎಳೆಯಲ್ಲಿ 1490 ನ್ಯಾನೋಮೀಟರ್ ತರಂಗದ ಬೆಳಕು ಮನೆಗೆ ಬರುತ್ತದೆ, 1310 ನ್ಯಾನೋಮೀಟರಿನದು ಹೊರಗೆ ಹೋಗುತ್ತದೆ. ಎರಡೂ ನಮ್ಮ ಕಣ್ಣಿಗೆ ಕಾಣದ ಅವಕೆಂಪು ಬೆಳಕು. ಊರ ಬಾಗಿಲಲ್ಲೆಲ್ಲೋ ಒಂದು ಪುಟ್ಟ ಗಾಜಿನ ಕವಲು ಈ ಬೆಳಕನ್ನು 32 ಅಥವಾ 64 ಮನೆಗಳಿಗೆ ಹಂಚುತ್ತದೆ. ಅದಕ್ಕೆ ಕರೆಂಟೇ ಬೇಕಾಗಿಲ್ಲ. ಹಾಗೆ ನೋಡಿದರೆ ಪಕ್ಕದ ಮನೆಯವರ ಸಿನಿಮಾ, ಶಾಲೆ ಮೇಷ್ಟರ ಮನೆಯ ಆನ್‌ಲೈನ್ ಪಾಠ ಎಲ್ಲವನ್ನೂ ಹೊತ್ತ ಬೆಳಕು ಚಿಕ್ಕಮ್ಮನ ಪೆಟ್ಟಿಗೆಗೂ ಬಂದು ಬೀಳುತ್ತಿರುತ್ತದೆ. ಪೆಟ್ಟಿಗೆ ತನ್ನ ಪಾಲನ್ನು ಮಾತ್ರ ಹೆಕ್ಕಿಕೊಂಡು ಉಳಿದದ್ದನ್ನು ಬಿಡುತ್ತದೆ. ಗಾಜಿನಲ್ಲಿ ಸಿಡಿಲು ಹರಿಯದು ಎಂಬುದು ಮಲೆನಾಡಿನವರಿಗೆ ಸಮಾಧಾನದ ಸಂಗತಿ. ಆದರೆ ಅಡಾಪ್ಟರಿನ ತಂತಿಯಲ್ಲಿ ಧಾರಾಳವಾಗಿ ಹರಿಯುತ್ತದೆ.

ಮೊಬೈಲನ್ನು ಅದೇ ರೌಟರಿನ ವೈಫೈಗೆ ಸೇರಿಸಿ, ಬ್ರೌಸರಿನಲ್ಲಿ 192.168.1.1 ಎಂದು ಒತ್ತಿದೆ. ಇಂಟರ್‌ನೆಟ್ ಇಲ್ಲದಿದ್ದರೂ ಈ ಪುಟ ತೆರೆಯುತ್ತದೆ, ಯಾಕೆಂದರೆ ಇದು ರೌಟರಿನ ಹೊಟ್ಟೆಯೊಳಗೇ ಇರುವ ಪುಟ. ತಳದ ಚೀಟಿಯಲ್ಲಿದ್ದ ಹೆಸರು, ಪಾಸ್‌ವರ್ಡು ಕೊಟ್ಟು ಒಳಹೊಕ್ಕು 'ವ್ಯಾನ್' ಎಂಬ ವಿಭಾಗಕ್ಕೆ ಹೋದೆ. ಮನೆಯೊಳಗಿನ ಜಾಲಕ್ಕೆ ಲ್ಯಾನ್ ಎಂದೂ ಮನೆಯಾಚೆಗಿನದಕ್ಕೆ ವ್ಯಾನ್ ಎಂದೂ ಹೆಸರು. ಅಲ್ಲಿ ಕೇಳುವ ಪ್ರಶ್ನೆ ಒಂದೇ, ನಿನ್ನ ಸಂಪರ್ಕ ಯಾವ ಬಗೆಯದು? ವಿಳಾಸವನ್ನು ಕಂಪನಿ ತಾನಾಗಿ ಕೊಡುತ್ತದಾದರೆ ಡೈನಾಮಿಕ್, ಕಾಯಂ ವಿಳಾಸ ಬರೆದುಕೊಟ್ಟಿದ್ದರೆ ಸ್ಟ್ಯಾಟಿಕ್. ಮೂರನೆಯದು, ನಮ್ಮಲ್ಲಿ ಬಹಳ ಮನೆಗಳಲ್ಲಿರುವುದು, ಬಾಯಿಗೆ ಒಗ್ಗದ ಹೆಸರಿನ ಪಿಪಿಪಿಓಇ.

ಈ ಮೂರನೆಯದರ ಮುಂದೆ ಸ್ವಲ್ಪ ನಿಲ್ಲಬೇಕು. ಗಾಜಿನೆಳೆ ಹಗಲೂ ರಾತ್ರಿ ಮನೆಗೆ ಅಂಟಿಕೊಂಡೇ ಇರುವಾಗ ಯೂಸರ್‌ನೇಮು, ಪಾಸ್‌ವರ್ಡು ಕೊಟ್ಟು ಮತ್ತೆ ಒಳಗೆ ಹೋಗುವುದೇಕೆ? ಉತ್ತರ ಇರುವುದು ಟೆಲಿಫೋನಿನಲ್ಲಿ. 1995ರ ಆಗಸ್ಟ್ 15ರಂದು ವಿದೇಶ ಸಂಚಾರ ನಿಗಮ ನಮ್ಮ ದೇಶದ ಸಾರ್ವಜನಿಕರಿಗೆ ಇಂಟರ್‌ನೆಟ್ ತೆರೆದಾಗ, ಬೇಕಾದಾಗಲೆಲ್ಲ ಮೋಡೆಮ್ಮಿನಿಂದ ಕಂಪನಿಗೆ ಫೋನು ಮಾಡಬೇಕಿತ್ತು. ಕೀರಲು ಸದ್ದಿನ ಆ ಕರೆಯನ್ನು ಎತ್ತಿಕೊಂಡ ಯಂತ್ರ 'ಯಾರು ನೀನು?' ಎಂದು ಕೇಳಿ, ಹೆಸರು, ಗುಟ್ಟು ನೋಡಿ ಒಳಗೆ ಬಿಟ್ಟು, ಆ ಕ್ಷಣದಿಂದ ಗಡಿಯಾರ ಓಡಿಸುತ್ತಿತ್ತು. ಆ ಎರಡು ಯಂತ್ರಗಳ ನಡುವಿನ ಮಾತಿನ ರೀತಿಗೆ ಪಿಪಿಪಿ ಎಂದು ಹೆಸರು. ಆಮೇಲೆ ಸದಾ ಚಾಲೂ ಇರುವ ಬ್ರಾಡ್‌ಬ್ಯಾಂಡ್ ಬಂತು. ಕಂಪನಿಗಳ ಲೆಕ್ಕಪತ್ರ, ಗಿರಾಕಿಗಳ ಪಟ್ಟಿ ಮಾತ್ರ ಹಳೆಯ ಲಾಗಿನ್ ಪದ್ಧತಿಯ ಮೇಲೇ ನಿಂತಿದ್ದವು. ಯುಯುನೆಟ್, ರೆಡ್‌ಬ್ಯಾಕ್, ರೌಟರ್‌ವೇರ್ ಕಂಪನಿಗಳ ಎಂಜಿನಿಯರುಗಳು 1999ರ ಫೆಬ್ರುವರಿಯಲ್ಲಿ ಒಂದು ಉಪಾಯ ಪ್ರಕಟಿಸಿದರು. ಹೊಸ ಈಥರ್ನೆಟ್ ಜಾಲದ ಮೇಲೆಯೇ ಹಳೆಯ ಫೋನ್ ಕರೆಯ ನಾಟಕವಾಡಿಸುವುದು. ಪಿಪಿಪಿ ಓವರ್ ಈಥರ್ನೆಟ್ ಎಂದರೆ ಅಷ್ಟೇ.

ನಾಟಕ ಇವತ್ತಿಗೂ ನಡೆಯುತ್ತಿದೆ. ರೌಟರು ಎದ್ದ ಕೂಡಲೇ 'ಯಾರಾದರೂ ಇದ್ದೀರಾ?' ಎಂದು ಜಾಲಕ್ಕೆಲ್ಲ ಕೂಗುತ್ತದೆ. ಕಂಪನಿಯ ಯಂತ್ರ 'ನಾನಿದ್ದೇನೆ' ಎನ್ನುತ್ತದೆ. 'ಹಾಗಾದರೆ ನನ್ನನ್ನು ಸೇರಿಸಿಕೋ' ಎಂದು ಇದು. 'ಸರಿ, ಇದು ನಿನ್ನ ಕರೆಯ ಸಂಖ್ಯೆ' ಎಂದು ಅದು. ಆಮೇಲೆಯೇ ಹೆಸರು, ಪಾಸ್‌ವರ್ಡಿನ ವಿಚಾರಣೆ. ಕೆಲವು ರೌಟರುಗಳ ಪುಟದಲ್ಲಿ 'ಡಯಲ್' ಎಂಬ ಪದವೂ ಹಾಗೇ ಉಳಿದುಕೊಂಡಿದೆ.

ಇದು ಬರೀ ಚರಿತ್ರೆಯಾಗಿದ್ದರೆ ನಾನು ಇಷ್ಟು ಕೊರೆಯುತ್ತಿರಲಿಲ್ಲ. ರಿಪೇರಿಗೂ ಇದೇ ದಾರಿ. ರೌಟರಿನ ಲಾಗ್ ತೆರೆದರೆ ಮಾತು ಎಲ್ಲಿ ಕಡಿದುಹೋಗಿದೆ ಎಂದು ಕಾಣುತ್ತದೆ. ಮೊದಲ ಕೂಗಿಗೇ ಉತ್ತರವಿಲ್ಲದಿದ್ದರೆ ಪಾಸ್‌ವರ್ಡನ್ನು ನೂರು ಸಲ ಟೈಪು ಮಾಡಿದರೂ ಪ್ರಯೋಜನವಿಲ್ಲ, ತೊಂದರೆ ದಾರಿಯಲ್ಲಿದೆ. ಉತ್ತರ ಬಂದು ವಿಚಾರಣೆಯಲ್ಲಿ ನಪಾಸಾದರೆ ಮಾತ್ರ ಹೆಸರು, ಪಾಸ್‌ವರ್ಡಿನ ಮೇಲೆ ಅನುಮಾನ. ಕರೆಂಟು ಹೋದಾಗ ರೌಟರು 'ಬರ್ತೀನಿ' ಎಂದು ಹೇಳದೆ ಸಾಯುತ್ತದಲ್ಲ, ಆಗ ಹಳೆಯ ಕರೆ ಇನ್ನೂ ನಡೆಯುತ್ತಿದೆ ಎಂದೇ ಆ ಕಡೆಯ ಯಂತ್ರ ಕೆಲವೊಮ್ಮೆ ನಂಬಿಕೊಂಡಿರುತ್ತದೆ. ಒಬ್ಬ ಗಿರಾಕಿಗೆ ಒಂದೇ ಕರೆ ಎಂಬ ನಿಯಮವಿದ್ದರೆ ಹೊಸದನ್ನು ಒಪ್ಪದು. ಆರಿಸಿ, ಐದು ಹತ್ತು ನಿಮಿಷ ಬಿಟ್ಟು ಹಾಕಿ ಎಂಬ ಸಲಹೆಯ ಹಿಂದಿನ ಒಂದು ಗುಟ್ಟು ಇದು. ಚಿಕ್ಕಪ್ಪ ಪಿನ್ನು ಹುಡುಕುವ ಬದಲು ಒಂದು ಲೋಟ ಕಾಫಿ ಕುಡಿದಿದ್ದರೂ ಸಾಕಿತ್ತೇನೋ.

ಚಿಕ್ಕಮ್ಮನ ರೌಟರಿನಲ್ಲಿ ಮೊದಲ ಕೂಗಿಗೇ ಉತ್ತರವಿರಲಿಲ್ಲ. ಬೆಳಕಿದೆ, ಕೂಗಿದರೆ ಓಗೊಡುವವರಿಲ್ಲ. ಕಾರಣ 'ವಿಎಲ್ಯಾನ್ ಐಡಿ' ಎಂಬ ಖಾಲಿ ಖಾನೆ. ಒಂದೇ ಎಳೆಯಲ್ಲಿ ಇಂಟರ್‌ನೆಟ್ಟು, ಲ್ಯಾಂಡ್‌ಲೈನು, ಟೀವಿ ಎಲ್ಲ ಹರಿಯಬಹುದಾದ್ದರಿಂದ ಒಂದೊಂದಕ್ಕೂ ಕಂಪನಿ ಒಂದೊಂದು ನಂಬರಿನ ಚೀಟಿ ಅಂಟಿಸಿರುತ್ತದೆ. ಆ ನಂಬರು ಊಹೆಯಿಂದ ಸಿಗುವಂಥದ್ದಲ್ಲ, ಸಾಧ್ಯತೆಗಳೇ 4094. ಕೇಬಲ್ ಹುಡುಗನಿಗೆ ಫೋನು ಮಾಡಿದೆ. ನಂಬರಿನ ಜೊತೆಗೆ ಒಂದು ಗದರಿಕೆಯನ್ನೂ ಕೊಟ್ಟ. "ಆ ತೂತಿಗೆ ಯಾಕೆ ಕೈ ಹಾಕ್ತೀರಾ ಸಾರ್?"

ಅದರ ಕೆಳಗೆ ಎಂಟಿಯು ಎಂಬ ಇನ್ನೊಂದು ಖಾನೆ, ಅದರಲ್ಲಿ 1492. ನನಗೆ ಇಡೀ ಪುಟದಲ್ಲಿ ಅತ್ಯಂತ ಇಷ್ಟವಾದ ಅಂಕಿ. ಈಥರ್ನೆಟ್ಟಿನ ಒಂದು ಪೊಟ್ಟಣದಲ್ಲಿ 1500 ಬೈಟ್ ಸರಕು ಹಿಡಿಸುತ್ತದೆ. ಫೋನ್ ಕರೆಯ ನಾಟಕಕ್ಕೆ ಪ್ರತಿ ಪೊಟ್ಟಣದಲ್ಲೂ ಎಂಟು ಬೈಟ್ ಸುಂಕ ಕಟ್ಟಬೇಕು. ಉಳಿದದ್ದು 1492. ಯಾರಾದರೂ ಇದನ್ನು ತಪ್ಪಾಗಿ 1500 ಮಾಡಿಟ್ಟರೆ ವಿಚಿತ್ರ ಕಾಯಿಲೆ ಶುರುವಾಗಬಹುದು: ಮೆಸೇಜು ಹೋಗುತ್ತದೆ, ಕೆಲವು ಪುಟ ತೆರೆಯುತ್ತವೆ, ಬ್ಯಾಂಕಿನದೋ ಇನ್ಯಾವುದೋ ಪುಟ ಅರ್ಧಕ್ಕೆ ನಿಂತು ಗಿರಗಿರ ಸುತ್ತುತ್ತಿರುತ್ತದೆ. ಸಣ್ಣ ಪೊಟ್ಟಣಗಳು ನುಸುಳುತ್ತವೆ, ದೊಡ್ಡವು ಬಾಗಿಲಲ್ಲಿ ಸಿಕ್ಕಿಕೊಳ್ಳುತ್ತವೆ. 'ಪೊಟ್ಟಣ ದೊಡ್ಡದಾಯಿತು' ಎಂದು ಹಿಂದಕ್ಕೆ ಹೋಗಬೇಕಾದ ಸುದ್ದಿಯನ್ನು ನಡುವಿನ ಯಾವುದೋ ಕಾವಲುಯಂತ್ರ ತಡೆದುಬಿಟ್ಟಿರುತ್ತದೆ.

ಹೆಸರು, ಪಾಸ್‌ವರ್ಡು, ನಂಬರು ತುಂಬಿ ಒತ್ತಿದ ಮೇಲೆ ಆ ಹಟಮಾರಿ ದೀಪ ಹತ್ತಿತು. ಜೊತೆಗೆ ಹೊರಗಿನ ವಿಳಾಸವೂ ಕಾಣಿಸಿತು, 100.72ರಿಂದ ಶುರುವಾಗುವ ಒಂದು ಸಂಖ್ಯೆ. ಇದರಲ್ಲೂ ಒಂದು ಕಥೆಯಿದೆ.

ಹಳೇ ಬೆಂಗಳೂರಿನ ವಠಾರ ನೆನಪಿಸಿಕೊಳ್ಳಿ. ಬೀದಿಗೆ ಕಾಣುವುದು ಒಂದೇ ಡೋರ್ ನಂಬರು, ಒಳಗೆ ಹತ್ತು ಸಂಸಾರ. ಯಾರ ಕಾಗದ ಯಾರಿಗೆ ಎಂದು ಬಾಗಿಲಲ್ಲಿ ಕೂತ ಮುದುಕಿಗೆ ಗೊತ್ತು. ರೌಟರು ಮಾಡುವುದೂ ಅದನ್ನೇ. ಒಳಗಿನ ಫೋನು, ಟೀವಿ, ಲ್ಯಾಪ್‌ಟಾಪುಗಳಿಗೆ 192.168ರಿಂದ ಶುರುವಾಗುವ ಮನೆಮಟ್ಟಿನ ವಿಳಾಸ ಹಂಚಿ, ಹೊರಗೆ ಹೋಗುವಾಗ ಎಲ್ಲದರ ಮೇಲೂ ತನ್ನದೊಂದೇ ವಿಳಾಸ ಬರೆದು, ಯಾವ ಉತ್ತರ ಯಾರದ್ದೆಂದು ಪಟ್ಟಿಯಲ್ಲಿ ಗುರುತು ಹಾಕಿಕೊಳ್ಳುತ್ತದೆ. ಇದಕ್ಕೆ ನ್ಯಾಟ್ ಎನ್ನುತ್ತಾರೆ. ಹಳೆಯ ಮಾದರಿಯ ವಿಳಾಸಗಳು ಇಡೀ ಜಗತ್ತಿಗೆ ಇರುವುದು ಸುಮಾರು 430 ಕೋಟಿ ಮಾತ್ರ. ಸಾಲದೆ ಬರುತ್ತದೆಂದು 1990ರ ದಶಕದ ಆರಂಭದಲ್ಲೇ ಗೊತ್ತಾಗಿ, ತಾತ್ಕಾಲಿಕ ಮದ್ದಾಗಿ 1994ರಲ್ಲಿ ಇದನ್ನು ಸೂಚಿಸಿದರು. 2011ರ ಫೆಬ್ರುವರಿ 3ರಂದು ಕೇಂದ್ರ ಉಗ್ರಾಣದ ಕೊನೆಯ ಕಂತೂ ಹಂಚಿಹೋಯಿತು. ಈಗ ಎಷ್ಟೋ ಕಂಪನಿಗಳಲ್ಲಿ ಗಿರಾಕಿಗೊಂದು ವಿಳಾಸ ಕೊಡಲೂ ಗತಿಯಿಲ್ಲ. ಹಾಗಾಗಿ ವಠಾರದೊಳಗೊಂದು ವಠಾರ: ನೂರಾರು ಮನೆಗಳನ್ನು ಒಂದೇ ವಿಳಾಸದ ಹಿಂದೆ ಕೂರಿಸಲು 2012ರಲ್ಲಿ 100.64ರಿಂದ 100.127ರವರೆಗಿನ ಸರಣಿಯನ್ನು ಮೀಸಲಿಟ್ಟರು. ಚಿಕ್ಕಮ್ಮನ 100.72 ಈ ಸಾಲಿನದು. ತೋಟಕ್ಕೆ ಕ್ಯಾಮೆರಾ ಹಾಕಿಸಿ ಶಿವಮೊಗ್ಗದಿಂದ ನೇರವಾಗಿ ಅದರ ಬಾಗಿಲು ತಟ್ಟುತ್ತೇನೆ ಎಂದರೆ ಆಗದು, ಹೊರಗಿನ ಮುದುಕಿಗೆ ಚಿಕ್ಕಮ್ಮ ಯಾರೆಂದೇ ಗೊತ್ತಿಲ್ಲ. ಹೊಸ ಮಾದರಿಯ, 128 ಬಿಟ್‌ಗಳ ಐಪಿವಿ6 ವಿಳಾಸಗಳಿಗೆ ಈ ಬರ ಇಲ್ಲ. ಪುಟದಲ್ಲಿ ಅದರ ಗುಂಡಿ ಕಂಡರೆ ಒತ್ತಿಬಿಡಿ.

ಎದ್ದು ಬರುವ ಮುಂಚೆ ಆ ತಳದ ಚೀಟಿಯ ಪಾಸ್‌ವರ್ಡನ್ನೂ ಬದಲಿಸಿದೆ. 2016ರಲ್ಲಿ ಮಿರಾಯ್ ಎಂಬ ಹುಳ ಕಾರ್ಖಾನೆಯವರು ಇಟ್ಟ ಸುಮಾರು ಅರವತ್ತು ಹೆಸರು, ಪಾಸ್‌ವರ್ಡುಗಳ ಜೋಡಿಯನ್ನಷ್ಟೇ ಇಟ್ಟುಕೊಂಡು ಲಕ್ಷಾಂತರ ಕ್ಯಾಮೆರಾ, ರೌಟರುಗಳೊಳಗೆ ಹೊಕ್ಕಿತ್ತು.

ಬದಲಿಸಿದ್ದನ್ನೆಲ್ಲ ಎಲ್ಲಿ ಬರೆದಿಡಲಿ ಎಂದು ಕೇಳಿದೆ. ಚಿಕ್ಕಮ್ಮ ಗೋಡೆಯ ಕ್ಯಾಲೆಂಡರು ತೆಗೆದು ಬೆನ್ನು ತಿರುಗಿಸಿ ಕೊಟ್ಟರು. ಗ್ಯಾಸ್ ಸಿಲಿಂಡರು ಬಂದ ತಾರೀಖು, ಹಾಲಿನ ಲೆಕ್ಕ, ಅದರ ಕೆಳಗೆ ರೌಟರಿನ ಎರಡು ಹೆಸರು, ಎರಡು ಪಾಸ್‌ವರ್ಡು, ಒಂದು ವಿಎಲ್ಯಾನ್ ನಂಬರು. "ಡಿಸೆಂಬರ್ ಮುಗಿದ ಮೇಲೆ ಇದನ್ನ ಒಲೆಗೆ ಹಾಕ್ಬೇಡಿ" ಅಂದೆ. ಹಳೇ ಕ್ಯಾಲೆಂಡರಿನ ಬೆನ್ನಿಗೆ ಕಳೆದ ಸಲದ್ದೂ ಬರೆದಿತ್ತು ಎಂದು ಚಿಕ್ಕಪ್ಪ ಆಗ ನೆನಪಿಸಿಕೊಂಡರು.