ಕೋಡಿ ಬಿದ್ದಾಗ ಹೊರಡತಕ್ಕ ಪ್ರವಾಸ

ಜೋಗವನ್ನು ನೋಡಬೇಕೆಂದು ಸಂಕಲ್ಪಿಸಿದ ಗೃಹಸ್ಥನು ಮೊದಲು ರಜೆಯ ದಿನವನ್ನು ಗೊತ್ತುಮಾಡಿ, ತಾಳಗುಪ್ಪದ ರೈಲಿಗೆ ಚೀಟಿ ಕೊಂಡು, ತದನಂತರ ಲಿಂಗನಮಕ್ಕಿಯಲ್ಲಿ ನೀರೆಷ್ಟಿದೆಯೆಂದು ವಿಚಾರಿಸುವುದುಂಟು. ನೀರು ಕ್ಷೀಣಿಸಿದ್ದರೂ 253 ಮೀಟರ್ ಆಳದ ಆ ಕಣಿವೆಯ ದರ್ಶನವೊಂದೇ ಅವನ ಪ್ರಯಾಣದ ವೆಚ್ಚವನ್ನು ತೀರಿಸಬಲ್ಲದು. ಚಿಕ್ಕಬಳ್ಳಾಪುರದ ಸೀಮೆಯಲ್ಲಿ ಈ ಕ್ರಮ ನಡೆಯದು. ಇಲ್ಲಿನ ಕೇತೇನಹಳ್ಳಿಯ ಜಲಪಾತವನ್ನು ನೋಡಬಯಸುವವನು ಮಳೆಗೆ ತನ್ನ ದಿನವನ್ನು ಒಪ್ಪಿಸಿಬಿಡಬೇಕು. ಫಾಲ್ಗುಣದಲ್ಲಿ ಬಂದವನಿಗೆ ಅಲ್ಲಿ ಕಾಣುವುದು ಕಾದ ಬಂಡೆಯೂ ಅದರ ಮೇಲೆ ಹಳೆಯ ನೀರಿನ ಕಪ್ಪು ಗೆರೆಗಳೂ ಮಾತ್ರ.

ಇದಕ್ಕೆ ಕಾರಣವು ನೆಲದ ಸ್ವಭಾವದಲ್ಲಿಯೇ ಇದೆ. ಆಗುಂಬೆಯಲ್ಲಿ ವರ್ಷಕ್ಕೆ 7000 ಮಿಲಿಮೀಟರಿಗೂ ಮಿಕ್ಕಿ ಸುರಿಯುವ ಮಳೆಯು ಚಿಕ್ಕಬಳ್ಳಾಪುರಕ್ಕೆ ಬರುವ ವೇಳೆಗೆ 700ರ ಆಸುಪಾಸಿಗೆ ಇಳಿದಿರುತ್ತದೆ. ಮಲೆನಾಡಿನಲ್ಲಿ ದಟ್ಟವಾದ ಕಾಡೂ ಅದರಡಿಯ ದಪ್ಪ ಮಣ್ಣೂ ಮಳೆಯನ್ನು ಹೀರಿಟ್ಟುಕೊಂಡು ತಿಂಗಳುಗಟ್ಟಲೆ ಒಸರುತ್ತಿದ್ದರೆ, ನಂದಿಯ ಸಾಲಿನ ಬೋಳು ಕಲ್ಲುಬೆಟ್ಟಗಳು ಬಿದ್ದದ್ದನ್ನೆಲ್ಲ ಕೂಡಲೇ ಕೆಳಗೆ ಬಿಟ್ಟುಬಿಡುತ್ತವೆ. ಬಿರುಕುಗಳಲ್ಲಿ ನಿಂತಷ್ಟೇ ನೀರು, ಅದು ತೀರಿದರೆ ಧಾರೆಯೂ ತೀರಿತು. ಆದರೂ ಈ ಒಣ ಬೆಟ್ಟಗಳು ನದಿಗಳ ತವರು ಎಂಬುದು ವಿಸ್ಮಯದ ಸಂಗತಿ. ಉತ್ತರ ಪಿನಾಕಿನಿಯು ಇಲ್ಲಿ ಹುಟ್ಟಿ ಗೌರಿಬಿದನೂರನ್ನು ಹಾದು ಆಂಧ್ರದ ನೆಲ್ಲೂರಿನ ಕಡೆಗೆ ಹೊರಟರೆ, ದಕ್ಷಿಣ ಪಿನಾಕಿನಿಯು ತಮಿಳುನಾಡಿನ ಕಡಲೂರನ್ನು ಅರಸಿಕೊಂಡು ಹೋಗುತ್ತದೆ. ಅರ್ಕಾವತಿಯು ಕಾವೇರಿಯನ್ನು ಸೇರುತ್ತದೆ. ಚಿತ್ರಾವತಿ, ಪಾಪಾಗ್ನಿಗಳು ಬಡಗಣ ದಾರಿ ಹಿಡಿದು ಮುಂದೆ ಉತ್ತರ ಪಿನಾಕಿನಿಯಲ್ಲಿಯೇ ಲೀನವಾಗುತ್ತವೆ. ಇಷ್ಟು ನದಿಗಳನ್ನು ನೆರೆಸೀಮೆಗಳಿಗೆ ಕಳುಹಿಸಿಕೊಟ್ಟ ನಾಡಿಗೆ ವರ್ಷವಿಡೀ ಹರಿಯುವ ಹೊಳೆ ಒಂದೂ ಇಲ್ಲ. ನಮ್ಮ ಹಿರಿಯರು ಊರೂರಿಗೂ ಕೆರೆ ಕಟ್ಟಿಸಿದ್ದು ಸುಮ್ಮನೆಯಲ್ಲ.

ಆದಕಾರಣ ಪ್ರವಾಸದ ಮುಹೂರ್ತವನ್ನು ಕೆರೆಗಳನ್ನು ಕೇಳಿಯೇ ಇಡಬೇಕು. ಮುಂಗಾರು ಇಲ್ಲಿಗೆ ಬಡಕಲಾಗಿ ಬರುತ್ತದೆ. ಆರಂಬಗಾರರು ಕಾಯುವುದು ಉತ್ತರೆ, ಹಸ್ತ, ಚಿತ್ತೆ, ಸ್ವಾತಿ ಮಳೆಗಳನ್ನು, ಅಂದರೆ ಸೆಪ್ಟೆಂಬರಿನ ನಡುಭಾಗದಿಂದ ನವೆಂಬರಿನ ಮೊದಲವರೆಗಿನ ಕಾಲವನ್ನು. ಈ ಮಳೆಗಳು ಸರಿಯಾಗಿ ಹಿಡಿದ ವರ್ಷ ಊರಿನವರು ಒಬ್ಬರನ್ನೊಬ್ಬರು ಕಂಡಾಗ ಮೊದಲು ಕೇಳುವ ಪ್ರಶ್ನೆ ‘ಕೆರೆ ಕೋಡಿ ಬಿತ್ತಾ?’ ಎಂಬುದು. ಆ ಪ್ರಶ್ನೆಗೆ ಹೌದೆಂಬ ಉತ್ತರ ಬಂದ ವಾರದೊಳಗೆ ಹೊರಟರೆ ಕೇತೇನಹಳ್ಳಿಯಲ್ಲಿ ಧಾರೆ ಇರುವ ಸಂಭವವೇ ಹೆಚ್ಚು. 2021ರ ನವೆಂಬರಿನಲ್ಲಿ ಮಳೆಯು ಮಿತಿಮೀರಿ ಸುರಿದಾಗ ಬಹುಕಾಲದಿಂದ ತುಂಬದಿದ್ದ ಕೆರೆಗಳೂ ಕೋಡಿ ಹರಿದುವು. ಒಂದು ಮಾತನ್ನು ಇಲ್ಲಿ ಸೇರಿಸಬೇಕು: ಬೆಂಗಳೂರಿನ ಹೆಬ್ಬಾಳ-ನಾಗವಾರ ಕಣಿವೆಯ ಶುದ್ಧೀಕರಿಸಿದ ಕೊಳಚೆನೀರು ಈಚೆಗೆ ಈ ಸೀಮೆಯ ಕೆಲವು ಕೆರೆಗಳಿಗೆ ಹರಿದು ಬರುತ್ತಿರುವುದರಿಂದ, ಬೇಸಿಗೆಯಲ್ಲಿ ತುಂಬಿದ ಕೆರೆಯೊಂದನ್ನು ಕಂಡು ಜಲಪಾತದ ಕನಸು ಕಾಣಬಾರದು. ಆ ನೀರು ಬೆಟ್ಟವನ್ನು ಹತ್ತಿ ಬಂದು ಧುಮುಕುವುದಿಲ್ಲ.

ಚಿಕ್ಕಬಳ್ಳಾಪುರದಿಂದ ಕೇತೇನಹಳ್ಳಿಗೆ ಹೆಚ್ಚು ದೂರವಿಲ್ಲ. ಊರಿನಾಚೆ ವಾಹನವನ್ನು ಬಿಟ್ಟು, ಕುರುಚಲು ಕಾಡಿನೊಳಗೆ ಕಲ್ಲುಮುಳ್ಳಿನ ಕಾಲುದಾರಿಯಲ್ಲಿ ನಡೆಯಬೇಕು. ಹಾದಿಯನ್ನು ಹಳ್ಳಿಯವರನ್ನೇ ಕೇಳುವುದು ಲೇಸು, ಮತ್ತು ಅರಣ್ಯ ಇಲಾಖೆಯವರು ಆ ದಿನ ಪ್ರವೇಶಕ್ಕೆ ಅಡ್ಡಿಯೇನನ್ನಾದರೂ ಹೇಳಿದ್ದಾರೆಯೇ ಎಂಬುದನ್ನು ಹೊರಡುವ ಮುನ್ನವೇ ತಿಳಿದುಕೊಳ್ಳತಕ್ಕದ್ದು. ಜೋಗವನ್ನೋ ಗಗನಚುಕ್ಕಿಯನ್ನೋ ಮನಸ್ಸಿನಲ್ಲಿಟ್ಟುಕೊಂಡು ಬಂದವನಿಗೆ ಇದು ಅಲ್ಪವೆಂದು ತೋರೀತು. ಆದರೆ ವರ್ಷದ ಬಹುಭಾಗ ಬೋರ್‌ವೆಲ್ಲಿನ ಆಳವನ್ನೇ ಎಣಿಸುತ್ತಿರುವ ಜನಕ್ಕೆ, ತಮ್ಮದೇ ಬೆಟ್ಟದಿಂದ ನೀರು ಸದ್ದುಮಾಡುತ್ತ ಇಳಿದುಬರುವುದನ್ನು ನೋಡುವ ಸಂತೋಷವು ಅಳತೆಯ ಪಟ್ಟಿಗೆ ಸಿಕ್ಕುವಂಥದಲ್ಲ. ಒದ್ದೆಯಾದ ಹಾವಸೆಗಲ್ಲು ಮಾತ್ರ ಯಾರ ಸಂತೋಷವನ್ನೂ ಲೆಕ್ಕಿಸದು. ಜಾರಿದರೆ ಹಿಡಿಯಲು ಅಲ್ಲಿ ಏನೂ ಇಲ್ಲ.

ಈ ಎಚ್ಚರಿಕೆಯು ಶ್ರೀನಿವಾಸಸಾಗರಕ್ಕೆ ಇನ್ನೂ ಹೆಚ್ಚಾಗಿ ಸಲ್ಲುತ್ತದೆ. ಅದು ನಿಸರ್ಗದ ಜಲಪಾತವಲ್ಲ, ಜಲಾಶಯದ ಕಲ್ಲುಗೋಡೆ. ತುಂಬಿದಾಗ ಗೋಡೆಯ ಉದ್ದಕ್ಕೂ ನೀರು ಬಿಳಿಯ ಪರದೆಯಾಗಿ ಇಳಿಯುವುದರಿಂದ ಜನರು ಜಲಪಾತವೆಂದೇ ಬಗೆದು ಮುಗಿಬೀಳುತ್ತಾರೆ. 2022ರ ಮೇ ತಿಂಗಳಲ್ಲಿ ತರುಣನೊಬ್ಬನು ನೀರಿಳಿಯುತ್ತಿದ್ದ ಆ ಗೋಡೆಯನ್ನು ಬರಿಗೈಯಿಂದ ಏರಹೋಗಿ ಮೇಲಿಂದ ಕೆಳಗೆ ಬಿದ್ದದ್ದನ್ನು ನಾಡೆಲ್ಲ ಮೊಬೈಲಿನಲ್ಲಿ ನೋಡಿತು. ಕೆಳಗೆ ನಿಂತು ನೋಡುವುದಕ್ಕೆ ಕಟ್ಟಿದ ಗೋಡೆ ಅದು ಅಲ್ಲವೆಂಬುದೂ ನಿಜ, ಆದರೆ ಏರುವುದಕ್ಕಂತೂ ಖಂಡಿತ ಅಲ್ಲ.

ನೀರಿನ ದರ್ಶನವು ಅರ್ಧ ದಿನದಲ್ಲಿ ಮುಗಿಯುವುದರಿಂದ ಮಿಕ್ಕ ಕಾಲವನ್ನು ಸುತ್ತಣ ಸೀಮೆಗೆ ಮೀಸಲಿಡಬಹುದು. ಎಲ್ಲರೂ ಮೊದಲು ಧಾವಿಸುವುದು 1478 ಮೀಟರ್ ಎತ್ತರದ ನಂದಿಬೆಟ್ಟಕ್ಕೆ. ಜಲಪಾತಕ್ಕೆ ಒದಗಿದ ಮಳೆಯೇ ಈ ದಾರಿಗೆ ಕಂಟಕವೂ ಆಗಬಹುದೆಂಬುದನ್ನು ಮರೆಯಬಾರದು: 2021ರ ಆಗಸ್ಟಿನಲ್ಲಿ ಗುಡ್ಡ ಕುಸಿದು ರಸ್ತೆ ಕೊಚ್ಚಿಹೋಗಿ, ಬೆಟ್ಟವು ತಿಂಗಳುಗಳ ಕಾಲ ಪ್ರವಾಸಿಗಳಿಗೆ ಮುಚ್ಚಿತ್ತು. ನನ್ನನ್ನು ಕೇಳಿದರೆ, ಶನಿವಾರ ಭಾನುವಾರಗಳ ಆ ವಾಹನಸಂದಣಿಯನ್ನು ಬೆಟ್ಟಕ್ಕೇ ಬಿಟ್ಟುಕೊಟ್ಟು, ಬುಡದಲ್ಲಿರುವ ಭೋಗನಂದೀಶ್ವರನ ಸನ್ನಿಧಿಯಲ್ಲಿ ಕುಳಿತುಕೊಳ್ಳುವುದೇ ಮೇಲು. ಒಂಬತ್ತನೆಯ ಶತಮಾನದ ಆದಿಭಾಗದಷ್ಟು ಹಳೆಯದಾದ ಈ ದೇಗುಲಕ್ಕೆ ಬಾಣರು, ಚೋಳರು, ಹೊಯ್ಸಳರು, ವಿಜಯನಗರದವರು ಒಬ್ಬರ ಮೇಲೊಬ್ಬರು ತಮ್ಮ ಕೈಚಳಕವನ್ನು ಸೇರಿಸುತ್ತ ಬಂದರು. ಇಲ್ಲಿನ ಶೃಂಗಿತೀರ್ಥವೆಂಬ ಕಲ್ಯಾಣಿಯೇ ಪಿನಾಕಿನಿಯ ಮೂಲವೆಂದು ಭಕ್ತರು ನಂಬಿದ್ದಾರೆ. ನೀರನ್ನು ಹುಡುಕಿಕೊಂಡು ಬಂದವನು ಅದರ ಮೆಟ್ಟಿಲ ಮೇಲೆ ಒಂದು ಗಳಿಗೆ ಕಳೆಯದೆ ಹೋಗಲಾಗದು. ಸಮೀಪದ ಮುದ್ದೇನಹಳ್ಳಿಯಲ್ಲಿ ವಿಶ್ವೇಶ್ವರಯ್ಯನವರ ಮನೆಯೂ ಸಮಾಧಿಯೂ ಇವೆ. ಕನ್ನಂಬಾಡಿಯ ಶಿಲ್ಪಿಯು ಹುಟ್ಟಿದ ಊರಿಗೆ ಹೊಳೆಯಿಲ್ಲದಿರುವುದನ್ನು ನೋಡಿದಾಗ ಅವರಿಗೆ ನೀರಿನ ಮೇಲಿದ್ದ ಆಸ್ಥೆಯ ಮೂಲವು ಒಂದಿಷ್ಟು ಹೊಳೆದಂತಾಗುತ್ತದೆ.

ರೈಲನ್ನು ನೆಚ್ಚಿದವರಿಗೆ ಯಲಹಂಕದಿಂದ ನಂದಿ, ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಚಿಂತಾಮಣಿಗಳ ಮೂಲಕ ಕೋಲಾರಕ್ಕೆ ಸಾಗುವ ಹಳಿಯುಂಟು. ಹಿಂದೆ ಪುಟ್ಟ ಗಾಡಿ ಓಡುತ್ತಿದ್ದ ಆ ದಾರಿ ಕೋಲಾರದವರೆಗೆ ಪೂರ್ಣವಾಗಿ ಅಗಲವಾದದ್ದು 2013ರಲ್ಲಿ. ಶಿಡ್ಲಘಟ್ಟದಲ್ಲಿ ಬೆಳಗ್ಗೆಯೇ ಇಳಿದರೆ ರೇಷ್ಮೆಗೂಡಿನ ಮಾರುಕಟ್ಟೆಯ ಹರಾಜನ್ನು ಕಾಣಬಹುದು. ನೂಲು ಬಿಚ್ಚುವವರ ಮನೆಗಳಿಂದ ಬರುವ ವಾಸನೆಗೆ ಮೂಗು ಹೊಂದಿಕೊಳ್ಳಲು ಸ್ವಲ್ಪ ಹೊತ್ತು ಬೇಕು. ಚಿಂತಾಮಣಿಯ ಬಳಿ ಬಂಡೆಯನ್ನೇ ಕೊರೆದು ಮಾಡಿದ ಕೈಲಾಸಗಿರಿಯ ಗುಹೆಗಳೂ ನಾರೇಯಣ ತಾತಯ್ಯನವರ ಕೈವಾರವೂ ಇವೆ. ತೆಲುಗಿನಲ್ಲಿಯೂ ಕನ್ನಡದಲ್ಲಿಯೂ ಹಾಡಿದ ಆ ಯೋಗಿಯ ಊರಿನಲ್ಲಿ ಅಂಗಡಿಯವನು ಒಂದು ಭಾಷೆಯಲ್ಲಿ ಆರಂಭಿಸಿದ ಮಾತನ್ನು ಇನ್ನೊಂದರಲ್ಲಿ ಮುಗಿಸಿದರೆ ಅಚ್ಚರಿಪಡಬೇಕಾಗಿಲ್ಲ.

ಗೌರಿಬಿದನೂರನ್ನು ಅದೇ ದಿನಕ್ಕೆ ಸೇರಿಸುವ ಆಸೆಯನ್ನು ಬಿಡಬೇಕು. ಅದು ಬೇರೆ ದಿಕ್ಕು, ಬೇರೆ ರೈಲುದಾರಿ. ಬೆಂಗಳೂರಿನಿಂದ ಹಿಂದೂಪುರದ ಕಡೆಗೆ ಹೋಗುವ ಪ್ಯಾಸೆಂಜರ್ ಗಾಡಿಯಲ್ಲಿ ಬಂದು, ಉತ್ತರ ಪಿನಾಕಿನಿಯ ದಡದ ವಿದುರಾಶ್ವತ್ಥವನ್ನು ಸಾವಧಾನವಾಗಿ ನೋಡತಕ್ಕದ್ದು. ಸಹಸ್ರಾರು ನಾಗಶಿಲೆಗಳ ನಡುವೆ ನಿಂತಿದ್ದ ಪುರಾತನ ಅಶ್ವತ್ಥವೃಕ್ಷವು 2001ರಲ್ಲಿ ಉರುಳಿತು. 1938ರ ಏಪ್ರಿಲ್ 25ರಂದು ಧ್ವಜ ಸತ್ಯಾಗ್ರಹಕ್ಕೆ ನೆರೆದ ಜನಸ್ತೋಮದ ಮೇಲೆ ಪೋಲೀಸರು ಗುಂಡು ಹಾರಿಸಿದ ಕಥೆಯನ್ನು ಅಲ್ಲಿನ ವೀರಸೌಧವು ಹೇಳುತ್ತದೆ. ಬೆಟ್ಟದಲ್ಲಿ ಕೋಡಿ ಬಿದ್ದ ವರ್ಷವಾದರೆ ಪಿನಾಕಿನಿಯಲ್ಲಿಯೂ ನೀರು ಕಂಡೀತು. ಸೇತುವೆಯ ಮೇಲೆ ನಿಂತು ಅದನ್ನು ನೋಡಲು ಬರುವವರಲ್ಲಿ ಹೆಚ್ಚಿನವರು ಆ ಊರುಗಳವರೇ ಆಗಿರುತ್ತಾರೆ.